ನಾಲ್ಕಾಣೆಗೆ ಒಂದು ಮಾತ್ರೆ

ಪ್ರತಿ ಭಾನುವಾರ ಮಗಳನ್ನು ಕರೆದುಕೊಂಡು ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಹೋಗುತ್ತೇನೆ. ಅವಳಿಗೆ ಕೀಬೋರ್ಡ್ ಕ್ಲಾಸು. ಒಂದು ತಾಸು ಹೊರಗೆ ಕೂತು ಮೊಬೈಲ್ ನೋಡುವುದಕ್ಕಿಂತ ಒಳಗೆ ಕೂತರಾಯಿತು ಎಂದು ನಾನೂ ಹಿಂದಿನ ಬೆಂಚು ಹಿಡಿದೆ. ಚಿಕ್ಕವನಿದ್ದಾಗ ಮೂರು ವರ್ಷ ತಬಲಾ ಕಲಿತಿದ್ದೆ. ತಾಳ ಗೊತ್ತಿರುವವನಿಗೆ ಇದರಲ್ಲಿ ಹೊಸದೇನಿದೆ ಎಂಬ ಸಣ್ಣ ಜಂಬವೂ ಇತ್ತು.

ಮೊದಲ ದಿನವೇ ಜಂಬ ಇಳಿಯಿತು. ಮೇಷ್ಟ್ರು ಬೋರ್ಡಿನ ಮೇಲೆ ಕೋಲಿಗೆ ಅಂಟಿದ ಒಂದು ಕಪ್ಪು ಬೀಜ ಬರೆದು, "ಇದು ಕ್ವಾರ್ಟರ್ ನೋಟ್, ಒಂದು ಬೀಟ್" ಎಂದರು. ಬೀಟ್ ಅಂದರೆ ನಮ್ಮ ಮಾತ್ರೆ, ತಾಳದ ಒಂದು ಎಣಿಕೆ. ನಾನು ಸುಮ್ನೆ ಇರಬೇಕಿತ್ತು. "ಕ್ವಾರ್ಟರ್ ಅಂದ್ರೆ ಕಾಲು ಮಾತ್ರೆ ಆಗಬೇಕಲ್ವಾ ಸರ್? ಒಂದು ಹೇಗಾಯ್ತು?" ಎಂದು ಕೇಳಿದೆ. ಮಕ್ಕಳೆಲ್ಲ ತಿರುಗಿ ನೋಡಿದರು. ಮಗಳು ಮಾತ್ರ ನೋಡಲಿಲ್ಲ. ಕೀಬೋರ್ಡಿನ ಮೇಲೆ ಬಗ್ಗಿ ಕೂತಳು.

ಆದರೆ ಪ್ರಶ್ನೆ ದಡ್ಡ ಪ್ರಶ್ನೆಯೇನಲ್ಲ. ನಮ್ಮ ಕಡೆ ತಬಲಾ, ಹಾರ್ಮೋನಿಯಂ, ಭಜನೆಯಿಂದ ಬಂದವರು ಪಾಶ್ಚಾತ್ಯ ಸ್ವರಲಿಪಿ ಹಿಡಿದಾಗ ಮೊದಲು ಎಡವುವುದು ಇಲ್ಲೇ. ನಮಗೆ ಮಾತ್ರೆಯೇ ಮೂಲ. ಅದು ಒಂದು. ಅದನ್ನು ಒಡೆದರೆ ಅರ್ಧ, ಕಾಲು. ಅವರ ಹೆಸರುಗಳು ಮಾತ್ರೆಯಿಂದ ಹುಟ್ಟಿಲ್ಲ. ಮೇಲಿನಿಂದ, ದೊಡ್ಡ ಗಂಟಿನಿಂದ ಇಳಿದು ಬಂದಿವೆ. ಆ ದೊಡ್ಡ ಗಂಟು ಹೋಲ್ ನೋಟ್. ಅದರ ಕಾಲು ಭಾಗ ಕ್ವಾರ್ಟರ್. ಆ ಕಾಲು ಭಾಗವನ್ನೇ ಸಾಮಾನ್ಯವಾಗಿ ಒಂದು ಮಾತ್ರೆ ಎಂದು ಎಣಿಸುತ್ತಾರೆ, ಅಷ್ಟೇ.

ನನಗೆ ಇದು ಬಗೆಹರಿದದ್ದು ಅವ್ವನ ಲೆಕ್ಕದಿಂದ. ಅವಳು ಇವತ್ತಿಗೂ ಐವತ್ತು ಪೈಸೆಗೆ ಎಂಟಾಣೆ ಅನ್ನುತ್ತಾಳೆ. ನಾಲ್ಕಾಣೆಗೆ ಪಾವಲಿ. 1957ರಲ್ಲಿ ನಯಾ ಪೈಸೆ ಬಂದ ಮೇಲೂ ಆಣೆ ನಮ್ಮ ಮಾತಿನಿಂದ ಹೋಗಲಿಲ್ಲ. ರೂಪಾಯಿಗೆ ಹದಿನಾರು ಆಣೆ. ಸ್ವರಲಿಪಿಯೂ ಅದೇ ಸರಾಫಿ ಅಂಗಡಿ.

ಹೋಲ್ ನೋಟ್ ಅಂದರೆ ಪೂರ್ತಿ ರೂಪಾಯಿ. ನೋಡಲು ಟೊಳ್ಳು ಮೊಟ್ಟೆ, ಕೋಲಿಲ್ಲ. ಅದಕ್ಕೊಂದು ಕೋಲು ನೆಟ್ಟರೆ ಹಾಫ್ ನೋಟ್, ಎಂಟಾಣೆ. ಹೊಟ್ಟೆಗೆ ಕಪ್ಪು ತುಂಬಿದರೆ ಕ್ವಾರ್ಟರ್, ನಾಲ್ಕಾಣೆ. ಕೋಲಿಗೊಂದು ಬಾವುಟ ಕಟ್ಟಿದರೆ ಎರಡಾಣೆ, ಎರಡು ಬಾವುಟ ಕಟ್ಟಿದರೆ ಒಂದಾಣೆ. ಅಕ್ಕಪಕ್ಕ ಬಾವುಟದ ಸ್ವರಗಳು ಬಂದರೆ ಬಾವುಟ ಬಿಚ್ಚಿ ಒಂದು ತೊಲೆ ಹಾಕಿ ಜೋಡಿಸುತ್ತಾರೆ. ಬೆಲೆ ಬದಲಾಗುವುದಿಲ್ಲ. ಗಮನಿಸಿ: ಮಸಿ ಜಾಸ್ತಿಯಾದಷ್ಟೂ ಬೆಲೆ ಕಮ್ಮಿ. ಬಡವನ ಮೈಮೇಲೇ ಸಾಮಾನು ಜಾಸ್ತಿ.

ಪರೀಕ್ಷೆಯ ಪುಸ್ತಕಗಳಲ್ಲಿ ಇವಕ್ಕೇ ಬ್ರಿಟಿಷ್ ಹೆಸರುಗಳಿರುತ್ತವೆ: ಸೆಮಿಬ್ರೀವ್, ಮಿನಿಮ್, ಕ್ರಾಚೆಟ್, ಕ್ವೇವರ್, ಸೆಮಿಕ್ವೇವರ್. ಇದರಲ್ಲೊಂದು ತಮಾಷೆ ಇದೆ. ಬ್ರೀವ್ ಎಂದರೆ ಲ್ಯಾಟಿನ್ನಿನಲ್ಲಿ ಗಿಡ್ಡ. ಸೆಮಿಬ್ರೀವ್ ಎಂದರೆ ಅರ್ಧ ಗಿಡ್ಡ. ಈಗ ನಾವು ದಿನಾ ಬಳಸುವುದರಲ್ಲಿ ಅದೇ ಎಲ್ಲಕ್ಕಿಂತ ಉದ್ದ! ಹಿಂದೆ ಅದಕ್ಕಿಂತ ಭಾರೀ ಉದ್ದದ ಸ್ವರಗಳಿದ್ದವು. ಬರಬರುತ್ತಾ ಬಳಕೆ ತಪ್ಪಿ ಹೋದವು, ಗಿಡ್ಡನೇ ಊರ ಗೌಡನಾದ.

ಇಷ್ಟು ಗೊತ್ತಾದರೆ ಮುಂದಿನದು ಜಮಾಖರ್ಚು. ಸ್ವರ ಬರೆಯುವ ಐದು ಗೆರೆಗಳ (ಇದಕ್ಕೆ ಸ್ಟಾಫ್ ಎನ್ನುತ್ತಾರೆ) ಮೇಲೆ ಅಲ್ಲಲ್ಲಿ ಅಡ್ಡ ಕಡಿದ ನಿಂತ ಗೆರೆಗಳಿರುತ್ತವೆ. ಎರಡು ಗೆರೆಗಳ ನಡುವಿನ ಜಾಗಕ್ಕೆ ಬಾರ್ ಎನ್ನುತ್ತಾರೆ. ನಾನು ಮನೆ ಎನ್ನುತ್ತೇನೆ. ಹಾಡಿನ ಶುರುವಿನಲ್ಲಿ ಒಂದರ ಮೇಲೊಂದು ಎರಡು ಅಂಕಿ ಇರುತ್ತವೆ. ಕೆಳಗಿನದು ಯಾವ ನಾಣ್ಯವನ್ನು ಒಂದು ಮಾತ್ರೆ ಎಂದು ಎಣಿಸಬೇಕು ಎಂಬುದು: 4 ಇದ್ದರೆ ನಾಲ್ಕಾಣೆ, 8 ಇದ್ದರೆ ಎರಡಾಣೆ. ಮೇಲಿನದು ಒಂದು ಮನೆಯಲ್ಲಿ ಅಂಥವು ಎಷ್ಟು ಎಂಬುದು. ಮೇಲೆ 4, ಕೆಳಗೆ 4 ಇದ್ದರೆ ಮನೆಗೆ ಹದಿನಾರಾಣೆ. ಮೇಲೆ 3, ಕೆಳಗೆ 4 ಇದ್ದರೆ ಹನ್ನೆರಡಾಣೆ. ಪ್ರತಿ ಮನೆಯ ಲೆಕ್ಕವೂ ಸರಿ ಹೊಂದಲೇಬೇಕು. ಒಂದಾಣೆ ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ.

ತಬಲಾ ಬಲ್ಲವರಿಗೆ ಇದನ್ನು ಒಂದೇ ಸಾಲಿನಲ್ಲಿ ತೋರಿಸಬಹುದು. ಏಕತಾಳದ ಠೇಕಾ, ಅಂದರೆ ತಬಲಾದ ಬೋಲುಗಳ ಸಾಲು, ಹೇಗೆ ಶುರುವಾಗುತ್ತದೆ?

ಧಿನ್, ಧಿನ್, ಧಾಗೆ, ತಿರಕಿಟ.

ನಾಲ್ಕು ಮಾತ್ರೆ. ಕೈಯಲ್ಲಿ ತಾಳ ಹಾಕಿಕೊಂಡೇ ಹೇಳಿ ನೋಡಿ. ಮೊದಲ ಎರಡು ಧಿನ್ ಒಂದೊಂದು ಮಾತ್ರೆ ತುಂಬುತ್ತವೆ: ಎರಡು ಕ್ವಾರ್ಟರ್. ಧಾಗೆಯಲ್ಲಿ ಒಂದು ಮಾತ್ರೆಗೆ ಎರಡು ಬೋಲು: ತೊಲೆ ಹಾಕಿದ ಎರಡು ಎರಡಾಣೆ. ತಿರಕಿಟದಲ್ಲಿ ಒಂದು ಮಾತ್ರೆಗೆ ನಾಲ್ಕು: ಎರಡು ತೊಲೆ ಹಾಕಿದ ನಾಲ್ಕು ಒಂದಾಣೆ. 4, 4, 2, 2, 1, 1, 1, 1. ಕೂಡಿಸಿದರೆ ಹದಿನಾರು. ಒಂದು ಮನೆ ತುಂಬಿತು. ಠಾಯಿ, ದುಗುನ್, ಚೌಗುನ್ (ಮಾತ್ರೆಗೆ ಒಂದು, ಎರಡು, ನಾಲ್ಕು) ಎಂದು ನಾವು ಹೇಳುವುದನ್ನೇ ಅವರು ಬಾವುಟ ಕಟ್ಟಿ ತೋರಿಸುತ್ತಾರೆ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಹಿಂದೂಸ್ತಾನಿ ಸಂಗೀತ ಬರೆಯುವ ಭಾತಖಂಡೆ ಲಿಪಿಯ ಒಂದು ಪುಟ ತೆರೆಯಿರಿ. ಅದು ಖಾನೆ ಹಾಕಿದ ಕ್ಯಾಲೆಂಡರಿನ ಹಾಗೆ. ಸಮ್ (ತಾಳದ ಸುತ್ತಿನ ಮೊದಲ ಮಾತ್ರೆ) ಇದ್ದಲ್ಲಿ ಗುಣಾಕಾರದ ಗುರುತು, ಖಾಲಿಗೆ (ಚಪ್ಪಾಳೆಯ ಬದಲು ಕೈ ಬೀಸುವ ಮಾತ್ರೆ) ಸೊನ್ನೆ. ಪ್ರತಿ ಮಾತ್ರೆಗೂ ತನ್ನದೇ ಜಾಗ. 'ಸಾ' ಮುಂದೆ ಒಂದು ಅಡ್ಡಗೀಟು ಇದ್ದರೆ ಸಾ ಇನ್ನೂ ಒಂದು ಮಾತ್ರೆ ಮುಂದುವರಿಯುತ್ತದೆ. ಎರಡು ಸ್ವರಗಳ ಕೆಳಗೆ ತೊಟ್ಟಿಲಿನಂಥ ಗೆರೆ ಇದ್ದರೆ ಅವೆರಡೂ ಒಂದೇ ಮಾತ್ರೆಯೊಳಗೆ. ಅಲ್ಲಿ ಸಾ ಯಾವಾಗಲೂ ಸಾ. ಅದರ ಆಕಾರ ಬದಲಾಗುವುದಿಲ್ಲ, ಜಾಗವೇ ಹೊತ್ತನ್ನು ಹೇಳುತ್ತದೆ. ಪಾಶ್ಚಾತ್ಯ ಲಿಪಿಯಲ್ಲಿ ಉಲ್ಟಾ. ಹೊತ್ತಿನ ಮಟ್ಟಿಗೆ ಜಾಗಕ್ಕೆ ಅರ್ಥವಿಲ್ಲ, ಆಕಾರಕ್ಕೆ ಅರ್ಥ. ನನ್ನಂಥವರು ಕಣ್ಣಳತೆಯಲ್ಲಿ ಓದುತ್ತೇವೆ. ಎರಡು ಸ್ವರಗಳ ನಡುವೆ ಅಗಲ ಜಾಗ ಕಂಡರೆ ಅಲ್ಲಿ ನಿಲ್ಲುತ್ತೇವೆ, ಒತ್ತೊತ್ತಾಗಿದ್ದರೆ ಓಡುತ್ತೇವೆ. ಮೊದಲ ಎರಡು ತಿಂಗಳು ನಾನು ಮಾಡಿದ್ದು ಬರೀ ಇದನ್ನೇ.

'ಸಾ, ಗೀಟು, ರೇ, ತೊಟ್ಟಿಲೊಳಗೆ ಗರೇ' ಎಂಬ ನಾಲ್ಕು ಮಾತ್ರೆಯ ತುಂಡು ತಗೊಳ್ಳಿ. ಆ ಲಿಪಿಗೆ ದಾಟಿಸಿದರೆ ಸಾ ಎಂಟಾಣೆ, ರೇ ನಾಲ್ಕಾಣೆ, ಗ ಎರಡಾಣೆ, ರೇ ಎರಡಾಣೆ. ಹೀಗೆ ಹತ್ತಿಪ್ಪತ್ತು ಸಾಲು ದಾಟಿಸಿದರೆ ಕಣ್ಣಿಗೆ ಅಭ್ಯಾಸವಾಗುತ್ತದೆ. ಯಾವ ಆ್ಯಪಿಗಿಂತಲೂ ನನಗೆ ಉಪಯೋಗವಾದದ್ದು ಇದು.

ಈಗ ಎಣಿಸುವ ವಿಷಯ. ಇದರಲ್ಲಿ ಒಂದು ತಪ್ಪು ಎಲ್ಲರೂ ಮಾಡುತ್ತಾರೆ, ಮಾಡಿದ್ದೂ ಗೊತ್ತಾಗುವುದಿಲ್ಲ. ಎಂಟಾಣೆಯ ಸ್ವರ, ಎರಡು ಮಾತ್ರೆ. 'ಒಂದು' ಎಂದು ಕೀ ಒತ್ತುತ್ತಾರೆ, 'ಎರಡು' ಎನ್ನುತ್ತಲೇ ಕೈ ಎತ್ತುತ್ತಾರೆ. ಎರಡು ಎಣಿಸಿದ್ದಾಯಿತಲ್ಲ! ಆದರೆ ಆ ಸ್ವರಕ್ಕೆ ಸಿಕ್ಕಿದ್ದು ಒಂದೇ ಮಾತ್ರೆ. ರಸ್ತೆ ಬದಿಯ ಕಿಲೋಮೀಟರ್ ಕಲ್ಲು ನೆನೆಸಿಕೊಳ್ಳಿ. ಒಂದನೇ ಕಲ್ಲಿನಿಂದ ಎರಡನೇ ಕಲ್ಲಿಗೆ ದೂರ ಒಂದೇ ಕಿಲೋಮೀಟರ್. ಎರಡು ಆಗಬೇಕಾದರೆ ಮೂರನೇ ಕಲ್ಲು ಮುಟ್ಟಬೇಕು. ಎಣಿಕೆಯ ಅಂಕಿಗಳು ಕಲ್ಲುಗಳು. ಸ್ವರ ಇರುವುದು ಕಲ್ಲಿನಲ್ಲಲ್ಲ, ನಡುವಿನ ದಾರಿಯಲ್ಲಿ. ಹಾಗಾಗಿ ಎರಡು ಮಾತ್ರೆಯ ಸ್ವರವನ್ನು 'ಮೂರು' ಬಾಯಿಗೆ ಬರುವ ತನಕ ಬಿಡಬಾರದು. ನಾಲ್ಕು ಮಾತ್ರೆಯದನ್ನು ಮುಂದಿನ ಮನೆಯ 'ಒಂದು' ಬರುವ ತನಕ.

ಮಗಳಿಗೆ ಇದನ್ನು ಬಸ್ಸಿನಲ್ಲಿ ತೋರಿಸಿದೆ. ನವನಗರದ ನಿಲ್ದಾಣದಲ್ಲಿ 'ಒಂದು' ಎಂದು ಬಾಯಲ್ಲಿ ಸ್ವರ ಹಿಡಿ, ಎರಡು ಸ್ಟಾಪ್ ಉದ್ದದ ಸ್ವರ, ಯಾವ ಸ್ಟಾಪಿನಲ್ಲಿ ಬಿಡುತ್ತೀ ಎಂದೆ. ಉಸಿರು ಸಾಲದೆ ನಕ್ಕಳು. ಮುಂದಿನ ಸೀಟಿನ ಅಜ್ಜ ತಿರುಗಿ ನೋಡಿದ. ಆದರೆ ಅವಳಿಗೆ ಅರ್ಥವಾಯಿತು.

ಇಂಗ್ಲಿಷಿನಲ್ಲಿ ಎರಡಾಣೆ ಸ್ವರಗಳನ್ನು ಎಣಿಸುವಾಗ 'ವನ್ ಆ್ಯಂಡ್ ಟೂ ಆ್ಯಂಡ್' ಎನ್ನುತ್ತಾರೆ. ಅಂಕಿ ಮಾತ್ರೆಯ ಮೇಲೆ, ಆ್ಯಂಡ್ ಮಾತ್ರೆಯ ನಡುವೆ. ನಮ್ಮ ಮಕ್ಕಳೂ ಅದನ್ನೇ ಬಾಯಿಪಾಠ ಮಾಡುತ್ತಾರೆ. ಕನ್ನಡಕ್ಕೆ ಆ್ಯಂಡ್ ಬೇಕಾಗಿಯೇ ಇಲ್ಲ. ನಾವು ಮಾತಾಡುವ ಹಾಗೆ ಹೇಳಿ: ಒಂ-ದು, ಎರ್-ಡು, ಮೂ-ರು, ನಾ-ಕು. ಪ್ರತಿ ಅಂಕಿಯಲ್ಲೂ ಎರಡೇ ತುಂಡು. ಮೊದಲ ತುಂಡಿಗೆ ಚಪ್ಪಾಳೆ, ಎರಡನೆಯದು ಗಾಳಿಯಲ್ಲಿ. ಪುಸ್ತಕದ 'ಎರಡು' ಎಂದು ಬಿಡಿಸಿ ಹೇಳಿದರೆ ಮೂರು ತುಂಡಾಗಿ ಕೆಡುತ್ತದೆ. ಆಡುಮಾತಿನ 'ಎರ್ಡು' ಸರಿಯಾಗಿ ಕೂರುತ್ತದೆ. ಒಂದಾಣೆಗಳಿಗೆ ತಿರಕಿಟವೋ ತಕದಿಮಿಯೋ ಇದ್ದೇ ಇದೆ. ಒಂದು ಮಾತ್ರೆಯಲ್ಲಿ ಮೂರು ಬಂದರೆ, ಅದನ್ನು ತೊಲೆಯ ಮೇಲೆ 3 ಎಂದು ಬರೆದಿರುತ್ತಾರೆ, ತಕಿಟ.

ಇದೇ ಉಪಾಯದಿಂದ ಚುಕ್ಕೆಯ ಭಯವೂ ಹೋಗುತ್ತದೆ. ಸ್ವರದ ಬಲಕ್ಕೆ ಒಂದು ಚುಕ್ಕೆ ಇದ್ದರೆ ಅದರ ಬೆಲೆಯ ಅರ್ಧ ಕೂಡಿಸಬೇಕು. ನಮ್ಮ ಕಡೆಯ ಮಾತಿನಲ್ಲಿ ದೀಡ, ಅಂದರೆ ಒಂದೂವರೆ. ಎಂಟಾಣೆಗೆ ಚುಕ್ಕೆ ಇಟ್ಟರೆ ಹನ್ನೆರಡಾಣೆ, ಮೂರು ಮಾತ್ರೆ. ಅದು ಸುಲಭ. ಕಷ್ಟ ಬರುವುದು ನಾಲ್ಕಾಣೆಗೆ ಚುಕ್ಕೆ ಬಂದಾಗ: ಆರಾಣೆ, ಅಂದರೆ ದೀಡ ಮಾತ್ರೆ. ಅದರ ಬೆನ್ನಿಗೇ ಸಾಮಾನ್ಯವಾಗಿ ಒಂದು ಒಂಟಿ ಎರಡಾಣೆ ಇರುತ್ತದೆ. ಹೆಚ್ಚಿನವರು ಅಲ್ಲಿ ಅಂದಾಜಿಗೆ 'ಸ್ವಲ್ಪ ಎಳೆದು, ಲಗೂನ ಒತ್ತು' ಎಂದು ನುಡಿಸುತ್ತಾರೆ. ಅಂದಾಜು ಬೇಡ. ನಿಧಾನಕ್ಕೆ ಹೇಳಿ: ಒಂ, ದು, ಎರ್, ಡು. ಮೊದಲ ಸ್ವರವನ್ನು 'ಒಂ'ನಲ್ಲಿ ಒತ್ತಿ. 'ದು' ಹೋಗಲಿ. 'ಎರ್'ನಲ್ಲಿ ಕಾಲು ನೆಲ ತಟ್ಟುತ್ತದೆ, ಕೈ ಮಾತ್ರ ಅಲ್ಲಾಡುವುದಿಲ್ಲ. ಇಲ್ಲೇ ಕೈ ತುರಿಸುತ್ತದೆ, ತಡೆದುಕೊಳ್ಳಬೇಕು. 'ಡು'ವಿನಲ್ಲಿ ಎರಡನೇ ಸ್ವರ. ಮುಗಿಯಿತು. 6 ಮತ್ತು 2, ಎಂಟಾಣೆ. ಮಾತ್ರೆ ಬಿದ್ದಾಗ ಸ್ವರ ಬೀಳಲೇಬೇಕು ಎಂದೇನಿಲ್ಲ ಎಂಬುದು ಕೈಗೆ ತಿಳಿಯುವುದು ಆ ಒಂದು 'ಎರ್'ನಲ್ಲಿ.

ಮೌನಕ್ಕೂ ಇಲ್ಲಿ ಬೆಲೆ ಇದೆ. ರೂಪಾಯಿಯ ಮೌನ ಮೇಲಿನಿಂದ ಎರಡನೇ ಗೆರೆಗೆ ಬಾವಲಿಯ ಹಾಗೆ ನೇತುಬಿದ್ದಿರುತ್ತದೆ. ಎಂಟಾಣೆಯ ಮೌನ ನಡುವಿನ ಗೆರೆಯ ಮೇಲೆ ಟೊಪ್ಪಿಗೆ ಇಟ್ಟ ಹಾಗೆ ಕೂತಿರುತ್ತದೆ. ಉಳಿದವು ಬಳಸುತ್ತ ಬಳಸುತ್ತ ನೆನಪಿಗೆ ಬರುತ್ತವೆ. ಮೌನ ಬಂದಾಗ ಎಣಿಕೆ ನಿಲ್ಲಿಸಬಾರದು, ಇಷ್ಟೇ ನಿಯಮ.

ಇಷ್ಟೆಲ್ಲ ಹೊಸದು ಎಂದುಕೊಳ್ಳುವವರಿಗೆ ಒಂದು ಮಾತು. ಹೈಸ್ಕೂಲಿನಲ್ಲಿ ಕನ್ನಡ ಕಲಿತವರೆಲ್ಲ ಇದನ್ನು ಒಮ್ಮೆ ಮಾಡಿದ್ದೀರಿ. ಛಂದಸ್ಸಿನ ಪ್ರಸ್ತಾರ ಹಾಕಿದ್ದು ನೆನಪಿದೆಯಾ? ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಲಘುವನ್ನು ಎರಡಾಣೆ, ಗುರುವನ್ನು ನಾಲ್ಕಾಣೆ ಎಂದುಕೊಳ್ಳಿ. ನಮ್ಮ ಊರುಗಳೇ ಸ್ವರಲಿಪಿಯಾಗುತ್ತವೆ. ಹುಬ್ಬಳ್ಳಿ: ಗುರು, ಗುರು, ಲಘು, ಐದು ಮಾತ್ರೆ. ಹಾವೇರಿಯೂ ಅಷ್ಟೇ. ಎರಡನ್ನೂ ಸೇರಿಸಿ ಹೇಳಿ: ಹುಬ್, ಬಳ್ಳಿ, ಹಾ, ವೇರಿ. 2, 3, 2, 3. ಝಪ್‌ತಾಳದ ಧಿ ನಾ, ಧಿ ಧಿ ನಾ, ತಿ ನಾ, ಧಿ ಧಿ ನಾ ಸರಿಯಾಗಿ ಅದರ ಮೇಲೆ ಕೂರುತ್ತದೆ. ರೈಲ್ವೆ ಟೈಂಟೇಬಲ್ಲಿನಲ್ಲಿ ಇಷ್ಟು ಚಂದದ ತಾಳ ಇದೆ ಅಂತ ಯಾರಿಗೆ ಗೊತ್ತಿತ್ತು?

ಗದಗಕ್ಕೆ ಮೂರೂ ಲಘು. "ಗದಗ ಪೇಟೆಯ ಬಿಸಿಯ ಬಜ್ಜಿಯ" ಎಂದು ನಾನೇ ಹೊಸೆದ ಸಾಲಿಗೆ ಪ್ರಸ್ತಾರ ಹಾಕಿ: 3, 4, 3, 4. ಭಾಮಿನಿ ಷಟ್ಪದಿಯ ನಡೆ ಇದು. ಗದುಗಿನ ಕುಮಾರವ್ಯಾಸ ತನ್ನ ಭಾರತದ ಹತ್ತು ಪರ್ವಗಳನ್ನು ಕಟ್ಟಿದ್ದು ಈ ಏಳರ ಹೆಜ್ಜೆಯ ಮೇಲೆ. ತಬಲಾದಲ್ಲಿ ರೂಪಕ್ ತಾಳವೂ ಏಳೇ: 3, 2, 2. ಸ್ಟಾಫ್ ಮೇಲೆ ಬರೆದರೆ ಮೇಲೆ 7, ಕೆಳಗೆ 8. ಪಾಶ್ಚಾತ್ಯ ಪುಸ್ತಕದಲ್ಲಿ ಇದನ್ನು ಕಷ್ಟದ ಪಾಠವೆಂದು ಕೊನೆಗೆ ಇಡುತ್ತಾರೆ. ಗಮಕ ವಾಚನ ಕೇಳಿ ಬೆಳೆದವರಿಗೆ ಇದು ನಡೆದಾಡಿದ ಓಣಿ.

ಮೇಲೆ 6, ಕೆಳಗೆ 8 ಇದ್ದರೆ ಏನು, ಮೇಲೆ 3, ಕೆಳಗೆ 4 ಇದ್ದರೆ ಏನು? ಎರಡರಲ್ಲೂ ಹನ್ನೆರಡಾಣೆಯೇ ಅಲ್ವಾ? ಮಗಳು ಕೇಳಿದ ಈ ಪ್ರಶ್ನೆಗೆ ಪುಸ್ತಕದಲ್ಲಿ ಅರ್ಧ ಪುಟ ಉತ್ತರ ಇತ್ತು. ಓದಿ ಇಬ್ಬರಿಗೂ ತಲೆ ಕೆಟ್ಟಿತು. ಕೊನೆಗೆ ಗದಗವೇ ಬಿಡಿಸಿತು. ಆರು ಲಘು ತಗೊಳ್ಳಿ. 'ಗದಗ, ಗದಗ' ಎಂದರೆ ಮೂರರ ಎರಡು ಗುಂಪು, ತೂಗುಯ್ಯಾಲೆ. ಅದು ಆರರ ಮೇಲೆ ಎಂಟು, ನಮ್ಮ ದಾದ್ರಾದ ಬಳಗ. 'ಗದ, ಗದ, ಗದ' ಎಂದರೆ ಎರಡರ ಮೂರು ಗುಂಪು. ಅದು ಮೂರರ ಮೇಲೆ ನಾಲ್ಕು. ದುಡ್ಡು ಅಷ್ಟೇ, ಚೀಲ ಬೇರೆ. ಧಾರವಾಡ ಯಾವ ಕಡೆ ಎಂದು ಕೇಳಿದೆ. ಧಾರ, ವಾಡ, ಮೂರು-ಮೂರು ಎಂದಳು. ಸರಿಯಾಗಿತ್ತು.

ಒಂದು ಮಾತ್ರೆ ಅಂದರೆ ಎಷ್ಟು ಸೆಕೆಂಡು ಎಂದು ಮಾತ್ರ ಸ್ವರದ ಆಕಾರದಲ್ಲಿ ಹುಡುಕಬೇಡಿ. ಅದು ಅಲ್ಲಿಲ್ಲ. ಆಣೆಗೆ ಏನು ಸಿಗುತ್ತದೆ ಎಂಬುದು ಪೇಟೆಯ ದರ ನೋಡಿ ತಾನೇ? ಹಾಡಿನ ನೆತ್ತಿಯಲ್ಲಿ ಕ್ವಾರ್ಟರ್ ಚಿತ್ರದ ಪಕ್ಕ 60 ಎಂದಿದ್ದರೆ ನಿಮಿಷಕ್ಕೆ ಅರವತ್ತು, ಮಾತ್ರೆಗೆ ಒಂದು ಸೆಕೆಂಡು. 120 ಇದ್ದರೆ ಅರ್ಧ ಸೆಕೆಂಡು. ಮೆಲ್ಜೆಲ್ ಎಂಬಾತ 1815ರಲ್ಲಿ ಪೇಟೆಂಟ್ ಪಡೆದ ಮೆಟ್ರೊನೊಮ್ ಈ ದರವನ್ನು ಟಿಕ್ ಟಿಕ್ ಎಂದು ಹೇಳುವ ಯಂತ್ರ. ಈಗ ಮೊಬೈಲಿನಲ್ಲೇ ಇದೆ. ಕಿರಾಣಾ ಘರಾಣೆಯ ಗಾಯಕರ ವಿಲಂಬಿತ್ (ನಿಧಾನ ಗತಿಯ) ಏಕತಾಳದಲ್ಲಿ ಒಂದೇ ಮಾತ್ರೆ ನಾಲ್ಕು ಸೆಕೆಂಡು ಹಿಡಿಯಬಹುದು. ಹನ್ನೆರಡು ಮಾತ್ರೆಯ ಒಂದು ಆವರ್ತ ಮುಗಿಯಲು ಮುಕ್ಕಾಲು ನಿಮಿಷದ ಮೇಲೆ. ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯರಾದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ, ಇವರ ಹಾಡಿಕೆ ಕೇಳಿದ ಕೇಳುಗ ತೊಡೆಯ ಮೇಲೆ ಬೆರಳಾಡಿಸುತ್ತ ಆ ಮುಕ್ಕಾಲು ನಿಮಿಷವನ್ನು ಕೈಯಲ್ಲೇ ಹಿಡಿದು ಸಮ್‌ಗೆ ಸರಿಯಾಗಿ ತಲೆ ತೂಗುತ್ತಾನೆ. ಎಣಿಸುವ ಕೈ ಗಟ್ಟಿಯಿದ್ದರೆ ಲಿಪಿ ಯಾವುದಾದರೇನು.

ಈ ಮನೆ ಲೆಕ್ಕ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ನನಗೆ ತುಂಬಾ ಇಷ್ಟವಾದ ಸಂಗತಿ ಬ್ರೈಲ್ ಸ್ವರಲಿಪಿಯದು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರಿಗೂ ಕಣ್ಣಿರಲಿಲ್ಲ. ಅವರನ್ನು ನೆನೆದೇ ನಾನು ಕಣ್ಣಿಲ್ಲದವರು ಸ್ಟಾಫ್ ಹೇಗೆ ಓದುತ್ತಾರೆ ಎಂದು ಹುಡುಕಿದ್ದು. ಲೂಯಿ ಬ್ರೈಲ್ ಸ್ವತಃ ಆರ್ಗನ್ ನುಡಿಸುತ್ತಿದ್ದವರು. ಅವರ ಆರು ಚುಕ್ಕೆಯ ಪದ್ಧತಿಯಲ್ಲಿ ಗೆರೆಗಳಿಲ್ಲ, ಬಾವುಟಗಳಿಲ್ಲ. ಮೇಲಿನ ನಾಲ್ಕು ಚುಕ್ಕೆಗಳು ಯಾವ ಸ್ವರ ಎಂದು ಹೇಳುತ್ತವೆ, ಕೆಳಗಿನ ಎರಡು ಬೆಲೆ ಹೇಳುತ್ತವೆ. ಎರಡು ಚುಕ್ಕೆಗಳಿಂದ ನಾಲ್ಕೇ ಬೆಲೆ ಹೇಳಲು ಸಾಧ್ಯ. ಹಾಗಾಗಿ ಹದಿನಾರಾಣೆಗೂ ಒಂದಾಣೆಗೂ ಒಂದೇ ಗುರುತು! ಯಾವುದು ಎಂದು ಬೆರಳಿಗೆ ಹೇಗೆ ತಿಳಿಯಬೇಕು? ಮನೆಯ ಒಟ್ಟು ಕೂಡಿಸಿ. ಮನೆಯಲ್ಲಿ ಅದೊಂದೇ ಇದ್ದರೆ ರೂಪಾಯಿ. ಅಂಥವು ಸಾಲಾಗಿ ಹದಿನಾರು ಇದ್ದರೆ ಒಂದೊಂದೂ ಆಣೆ.

ಕಳೆದ ಭಾನುವಾರ ಮಗಳು ಹೊಸ ಪಾಠ ತೆರೆದಳು. ನಾಲ್ಕರ ಮೇಲೆ ನಾಲ್ಕು. ಈಗ ಅವಳಿಗೆ ಚಟ, ನುಡಿಸುವ ಮೊದಲು ಪ್ರತಿ ಮನೆಯ ಮೇಲೂ ಪೆನ್ಸಿಲಿನಲ್ಲಿ ಲೆಕ್ಕ ಹಾಕುವುದು. ಮೊದಲ ಮನೆಯಲ್ಲೇ ನಿಂತಳು. "ಅಪ್ಪಾ, ಪ್ರಿಂಟ್ ತಪ್ಪಾಗಿದೆ. ಇಲ್ಲಿ ನಾಲ್ಕೇ ಆಣೆ ಇದೆ." ನೋಡಿದೆ. ನಿಜ, ಒಂಟಿ ಕ್ವಾರ್ಟರ್, ಅದರ ಬೆನ್ನಿಗೇ ಗೆರೆ. ಮೌನದ ಗುರುತೂ ಇಲ್ಲ. ನನಗೆ ತೀನ್‌ತಾಳದ ಬಂದಿಶುಗಳು (ತಾಳಕ್ಕೆ ಕಟ್ಟಿದ ಹಾಡುಗಳು) ನೆನಪಾದವು. ಎಷ್ಟೋ ಬಂದಿಶುಗಳ ಮುಖಡಾ, ಅಂದರೆ ಮೊದಲ ತುಂಡು, ಸಮ್‌ನಿಂದ ಶುರುವಾಗುವುದೇ ಇಲ್ಲ, ಒಂಬತ್ತನೇ ಮಾತ್ರೆಯಿಂದ ಎದ್ದು ಸಮ್‌ಗೆ ಬಂದು ಬೀಳುತ್ತವೆ. ಇದೂ ಹಾಗೇ ಇರಬೇಕು. ನಾಲ್ಕನೇ ಮಾತ್ರೆಯಲ್ಲಿ ಎತ್ತಿಕೊಂಡು ಮುಂದಿನ ಮನೆಯ 'ಒಂದು'ವಿಗೆ ಇಳಿಯುವ ಹಾಡು.

"ಒಂದು, ಎರಡು, ಮೂರು ಬಾಯಲ್ಲೇ ಹೇಳು, ನಾಕಕ್ಕೆ ಒತ್ತು" ಎಂದೆ.

"ಉಳಿದ ಹನ್ನೆರಡಾಣೆ ಎಲ್ಲಿ ಹೋಯ್ತು ಮತ್ತೆ?"

ಹಾಳೆ ತಿರುಗಿಸಿ ಕೊನೆಯ ಮನೆ ನೋಡು ಎಂದೆ. ಅಲ್ಲಿ ಚುಕ್ಕೆ ಇಟ್ಟ ಒಂದು ಹಾಫ್ ನೋಟ್ ಒಂಟಿಯಾಗಿ ಕೂತಿತ್ತು. ಅವಳು ಪೆನ್ಸಿಲಿನಲ್ಲಿ 12 ಎಂದು ಬರೆದಳು.